ಕಿಟಕಿಯಿಂದ ಬಂದ ಹದಿನಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುರುಗೋಡಿನ ಒಬ್ಬ ಹುಡುಗಿಯನ್ನು ಒಂದೇ ಮಧ್ಯಾಹ್ನದಲ್ಲಿ ಮೂರು ವರ್ಷ ದೊಡ್ಡವಳನ್ನಾಗಿ ಮಾಡಿದವನು ನಾನು. ಅದಕ್ಕೆ ಬೇಕಾಗಿದ್ದು ಒಂದು ಹೊರಸು, ಒಂದು ಕಿಟಕಿ ಮತ್ತು ನನ್ನ ಸೋದರಮಾವನ ದನಿ. ಹೊರಸು, ಕಿಟಕಿ ಮಾವನ ಮನೆಯವೇ. ದನಿ ಮಾತ್ರ ಕದ್ದದ್ದು.

ನನ್ನನ್ನು ಬೈಯುವ ಮೊದಲು ಮಾವನ ವಿಷಯ ಸ್ವಲ್ಪ ಕೇಳಿ. ಆ ಕಾಲಕ್ಕೆ ಇಡೀ ಕುರುಗೋಡಿನಲ್ಲಿ ಯಾರಿಗೂ ಸ್ವಂತ ವಯಸ್ಸು ಅಂತ ಇರಲಿಲ್ಲ. ಇದ್ದದ್ದೆಲ್ಲ ಮಾವನ ಹತ್ತಿರ ಇತ್ತು. ಮಗನನ್ನು ಸಾಲೆಗೆ ಹಾಕುವವರು, ಮಗಳಿಗೆ ಗಂಡು ನೋಡುವವರು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಳ್ಳಾರಿಗೆ ಹೊರಟವರು, ಎಲ್ಲರೂ ಬಂದು ತಮ್ಮ ತಮ್ಮ ವಯಸ್ಸನ್ನು ಅವನಿಂದ ಪಡೆದುಕೊಂಡು ಹೋಗುತ್ತಿದ್ದರು. ಅವನು ಶಾನುಭೋಗನಲ್ಲ, ಜೋಯಿಸನಲ್ಲ. ಜೋಳ, ಹತ್ತಿ ಬೆಳೆಯುವ ಸಾದಾ ಒಕ್ಕಲಿಗ. ಆದರೆ ಅವನಿಗೆ ಎತ್ತುಗಳು ನೆನಪಿದ್ದವು.

ಎತ್ತಿಗೂ ವಯಸ್ಸಿಗೂ ಏನು ಸಂಬಂಧ ಅನ್ನುತ್ತೀರಾ? ಮಾವನ ಪಂಚಾಂಗದಲ್ಲಿ ಸಂವತ್ಸರಗಳೇ ಇರಲಿಲ್ಲ, ಎತ್ತುಗಳಷ್ಟೇ ಇದ್ದವು. ಜೀವಮಾನದಲ್ಲಿ ಅವನು ಏಳು ಜೋಡಿ ಕಟ್ಟಿ ಉತ್ತಿದ್ದ. ಯಾವ ಜೋಡಿ ಯಾವ ಸಂತೆಯಿಂದ ಬಂತು, ಎಷ್ಟು ಮಳೆಗಾಲ ದುಡಿಯಿತು, ಯಾವುದರ ಕೋಡು ಯಾವಾಗ ಮುರಿಯಿತು, ಎಲ್ಲ ಬಾಯಿಪಾಠ. ಊರಿನ ಪ್ರತಿಯೊಬ್ಬರ ಹುಟ್ಟನ್ನೂ ಅವನು ಯಾವುದಾದರೊಂದು ಎತ್ತಿನ ಕೊರಳಿಗೆ ಕಟ್ಟಿಟ್ಟಿದ್ದ. "ಕೋಡುಮುರುಕ ಬಂದ ಎರಡನೇ ಮುಂಗಾರಿನಾಗ ಹುಟ್ಟಿದವ ನೀನು" ಎಂದು ಶುರುಮಾಡಿ, ಬೆರಳು ಮಡಿಚಿ ಲೆಕ್ಕ ಹಾಕಿ, ಒಂದು ಸಂಖ್ಯೆ ಹೇಳಿ, ನಶ್ಯ ಏರಿಸಿ "ಹ್ಞಾಂ" ಅನ್ನುತ್ತಿದ್ದ. ಆ ಹ್ಞಾಂ ಎಂದರೆ ಸರಕಾರಿ ಮೊಹರು. ಅದು ಬಿದ್ದ ಮೇಲೆ ಅಪೀಲು ಇಲ್ಲ.

ಇದೆಲ್ಲ ನಡೆಯುತ್ತಿದ್ದದ್ದು ಮಧ್ಯಾಹ್ನ ಊಟದ ನಂತರ. ಮಾವ ಬೀದಿಯ ಕಡೆಯ ಕಿಟಕಿಯ ಪಕ್ಕ ಹೊರಸಿನ ಮೇಲೆ ಮಲಗಿರುತ್ತಿದ್ದ. ಕಲ್ಲುಗೋಡೆ, ಕಿಟಕಿ ಎತ್ತರದಲ್ಲಿ. ಬಂದವರು ಕೆಳಗೆ ನಿಂತು ಕೂಗುವುದು, ಮೇಲಿನಿಂದ ವಯಸ್ಸು ಇಳಿದು ಬರುವುದು. ಒಬ್ಬರ ಮುಖ ಒಬ್ಬರಿಗೆ ಕಾಣುವಂತಿರಲಿಲ್ಲ, ಕಾಣುವ ಅಗತ್ಯವೂ ಇರಲಿಲ್ಲ.

ಒಮ್ಮೆ ಮೀಸೆಗೆ ಕಪ್ಪು ಹಚ್ಚಿಕೊಂಡ ಒಬ್ಬ ಭಾರೀ ಕುಳ ಕಿಟಕಿಯ ಕೆಳಗೆ ಬಂದು ನಿಂತ. ಎರಡನೆಯ ಮದುವೆಯ ಆಸೆ. ಮೂವತ್ತೈದರ ಸುತ್ತಮುತ್ತ ಏನಾದರೂ ಸಿಕ್ಕರೆ ಸಾಕಿತ್ತು ಅವನಿಗೆ. ಅವನ ಮೊದಲ ಮದುವೆಯ ಮೆರವಣಿಗೆಗೆ ಗಾಡಿ ಎಳೆದದ್ದು ತನ್ನ ಎರಡನೆಯ ಜೋಡಿ ಎಂದು ನೆನಪಿಸಿಕೊಂಡು ಮಾವ ಐವತ್ತೊಂದು ದಯಪಾಲಿಸಿದ. ಒಂದೈದಾದರೂ ಕಡಿಮೆ ಮಾಡಿ ಎಂದು ಕುಳ ಗೋಗರೆದ. "ಎತ್ತು ಎರಡೂ ಸತ್ತಾವ. ಎಬ್ಬಿಸಿ ಕೇಳು, ಅವು ಬಿಟ್ರ ನಾನೂ ಬಿಡ್ತೀನಿ" ಎಂದು ಉತ್ತರ ಬಂತು. ಮದುವೆ ಆಗಲಿಲ್ಲ. ಮೀಸೆಯೂ ಆ ವರ್ಷವೇ ಬೆಳ್ಳಗಾಯಿತು.

ಇಂಥವನ ಮನೆಗೆ ನಾನು ಹೋಗಿ ಸೇರಿದ್ದು ಇಂಟರ್‌ಮೀಡಿಯೆಟ್‌ನಲ್ಲಿ ಫೇಲಾಗಿ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬೆಳೆದ ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಯುದ್ಧದ ದಿನಗಳಲ್ಲಿ ಗೋರಾ ಸಾರ್ಜೆಂಟನ ಕೂಗು ಕಲಿತು ದೋಬಿಯ ಕತ್ತೆಗಳನ್ನು ನಿಲ್ಲಿಸುತ್ತಿದ್ದೆ. ಇದ್ದಿಲಿನ ಬಸ್ಸು ದಿಬ್ಬ ಹತ್ತುವ ನರಳಾಟವನ್ನು ಗಂಟಲಲ್ಲಿ ಹೊರಡಿಸಿದರೆ ರಸ್ತೆಬದಿಯ ಜನ ಗಂಟು ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ನನ್ನ ಸ್ವಂತ ದನಿ ಹೇಗಿದೆ ಎಂದು ಕೇಳಬೇಡಿ. ಅದು ಇಂಗ್ಲಿಷ್ ಪೇಪರಿನಲ್ಲಿ ಪಾಸಾಗಿರಲಿಲ್ಲ ಎಂಬುದಷ್ಟೇ ಗೊತ್ತು. ಮಗ ಮನೆಯಲ್ಲಿದ್ದರೆ ನೆರೆಹೊರೆಯವರ ಜೊತೆ ಜಗಳ ತಪ್ಪದು ಎಂದು ಅಪ್ಪ ಯಾರನ್ನೋ ಹಿಡಿದು ನನ್ನನ್ನು ಕುರುಗೋಡಿನ ಸಾಲೆಗೆ ಮಾಸ್ತರನನ್ನಾಗಿ ಹಾಕಿಸಿದ.

ಮುಂದೆ ಜನಗಣತಿ ಬಂತು. ಮಾಸ್ತರೆಂದರೆ ಎಣಿಸುವವನು ಎಂದೇ ಅರ್ಥವಲ್ಲವೆ? ಕೆಮ್ಮಣ್ಣಿನಲ್ಲಿ ಮನೆಗಳಿಗೆ ನಂಬರು ಬರೆದೆ. ಗೋಡೆ ಕೆಟ್ಟಿತೆಂದು ಮುದುಕಿಯರು ಮರುದಿನ ಸುಣ್ಣ ಬಳಿದರು, ಮತ್ತೆ ಬರೆದೆ. ಕಸುಬು ಏನು ಎಂದರೆ ಎಲ್ಲರೂ ಒಕ್ಕಲುತನ ಅನ್ನುತ್ತಿದ್ದರು. ಹೆಂಗಸರ ಕಸುಬು ಕೇಳಿದರೆ ಗಂಡಸರು "ಏನೂ ಇಲ್ಲ" ಎಂದು ಬರೆಸುತ್ತಿದ್ದರು. ಹತ್ತಿ ಬಿಡಿಸಲು ಹೋದ ಆ ಏನೂ ಇಲ್ಲದ ಹೆಂಗಸರು ಸಂಜೆಯವರೆಗೂ ಮನೆಯಲ್ಲಿ ಸಿಗುತ್ತಿರಲಿಲ್ಲ. ವಯಸ್ಸಿನ ಕಾಲಮ್ಮಿಗೆ ಮಾತ್ರ ನಾನು ಬೀದಿ ಸುತ್ತಲಿಲ್ಲ. ಮನೆಗೆ ಬಂದು ಮಾವನ ಪಕ್ಕ ಕೂತು ತುಂಬಿಸಿದೆ.

ಪರಿಶೀಲನೆಗೆ ಬಳ್ಳಾರಿಯಿಂದ ಬಂದ ಸಾಹೇಬರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಉಳಿದ ಊರುಗಳಲ್ಲಿ ಜನ ಮೂವತ್ತು, ನಲವತ್ತು, ಅರವತ್ತರಲ್ಲೇ ಇರುತ್ತಾರಂತೆ, ನಡುವೆ ಯಾರೂ ಇರುವುದಿಲ್ಲವಂತೆ. ಈ ಊರಿನಲ್ಲಿ ಮಾತ್ರ ನಲವತ್ಮೂರು, ಐವತ್ತೇಳು ಎಲ್ಲಿಂದ ಬಂದವು? ಮನೆಯಲ್ಲೇ ಕೂತು ಹುಟ್ಟಿಸಿದ್ದೀಯಾ ಎಂದು ಗದರಿದರು. ನಾನು ಅವರನ್ನು ಮಾವನ ಮುಂದೆ ಕೂರಿಸಿದೆ. ಎತ್ತಿನ ಲೆಕ್ಕ ಕೇಳಿ ಸಾಹೇಬರು ಬಾಯಿ ತುಂಬ ನಕ್ಕರು. ಮಾವ ನಗಲಿಲ್ಲ. ಸಂತೆಯಲ್ಲಿ ದನ ನೋಡುವ ಹಾಗೆ ಮುಂದಕ್ಕೆ ಬಾಗಿ ಅವರ ಬಾಯೊಳಗೆ ನೋಡಿದ.

"ಮುಖ ಐವತ್ತೈದು ಐತಿ, ಹಲ್ಲು ಇಪ್ಪತ್ತು ಅದಾವ. ಇಂಥಾದ್ದು ಯಾವ ಸಂತ್ಯಾಗೂ ನೋಡಿಲ್ರಿ ನಾ."

ಮದರಾಸಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಅದು. ಸಾಹೇಬರು ಬಾಯಿ ಮುಚ್ಚಿಕೊಂಡು ಎಲ್ಲ ನಲವತ್ಮೂರುಗಳಿಗೂ ಸಹಿ ಮಾಡಿ ಬಸ್ಸು ಹತ್ತಿದರು. ಕೊನೆಗೆ ಮಾವನದೇ ವಯಸ್ಸು ಕೇಳಿದೆ. ಮೊದಲ ಜೋಡಿ ಕಟ್ಟುವುದಕ್ಕಿಂತ ಮುಂಚಿನ ಲೆಕ್ಕ ತನ್ನ ಹತ್ತಿರ ಇಲ್ಲ, ಏನಾದರೂ ಬರೆದುಕೋ ಎಂದ. ಅರವತ್ತು ಎಂದು ಬರೆದೆ. ಊರಿಗೆಲ್ಲ ಚಿಲ್ಲರೆ ಕೊಟ್ಟವನ ಪಾಲಿಗೆ ಇಡಿಯ ನೋಟೇ ಬಂತು.

ಇನ್ನು ಆ ಹುಡುಗಿಯ ವಿಷಯ. ಎದುರುಮನೆಯ ವೀರಪ್ಪನ ಮಗಳು ನೀಲಮ್ಮ ನನ್ನ ತರಗತಿಯಲ್ಲೇ ಇದ್ದಳು. ಬೋರ್ಡಿನ ಮೇಲೆ ನಾನು ಮಾಡಿದ ಲೆಕ್ಕಗಳನ್ನು ತಿದ್ದುವುದು ಅವಳ ನಿತ್ಯದ ಕೆಲಸ. ಎಂಟನೆಯ ತರಗತಿಯ ಸರಕಾರಿ ಪರೀಕ್ಷೆಗೆ ಕೂರಬೇಕು, ಆಮೇಲೆ ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿ ಟೀಚರಮ್ಮ ಆಗಬೇಕು ಎಂದು ಹಟ ಹಿಡಿದಿದ್ದಳು. ಹದಿನಾರು ತುಂಬುವತನಕ ಓದು, ಆಮೇಲಿನದು ನನ್ನ ಮಾತು ಎಂದು ವೀರಪ್ಪ ಕರಾರು ಮಾಡಿದ್ದ. ಗಣತಿಯ ಕಾಗದದಲ್ಲಿ, ಒಂದು ಸೋಮವಾರ, ಮಾವನ ಬಾಯಿಂದ ಕೇಳಿ ನಾನೇ ಅವಳಿಗೆ ಹದಿಮೂರು ಎಂದು ಬರೆದು, ಅವಳಿಗೂ ತೋರಿಸಿದ್ದೆ.

ಅದೇ ವಾರದ ಗುರುವಾರ ಮಾವ ಹೊಲಕ್ಕೆ ಹೋಗಿದ್ದ. ಊಟ ಮುಗಿಸಿ ಅವನ ಹೊರಸಿನ ಮೇಲೆ ನಾನು ಉರುಳಿಕೊಂಡಿದ್ದೆ. ಕಿಟಕಿಯ ಕೆಳಗೆ ವೀರಪ್ಪನ ದನಿ ಕೇಳಿಸಿತು, "ಅಣ್ಣಾ, ನಮ್ಮ ನೀಲಿಗೆ ಎಷ್ಟಾತು?"

ಮಾವ ಮನೆಯಲ್ಲಿ ಇಲ್ಲ. ಮೂರು ಪದ. ಮರ್ಯಾದಸ್ಥರು ಅಷ್ಟು ಹೇಳಿ ಮಗ್ಗುಲು ಬದಲಿಸುತ್ತಾರೆ. ನಾನು ಇಲ್ಲದ ನಶ್ಯವನ್ನು ಮೂಗಿಗೆ ಏರಿಸಿದೆ. "ಮಾಸಬಣ್ಣದ ಎತ್ತು ತಂದ ವರ್ಷ ಹುಟ್ಟಿದಾಕಿ. ಹದಿನಾರು ತುಂಬೇತಿ. ಹ್ಞಾಂ."

ಹದಿಮೂರು ಗೊತ್ತಿದ್ದೂ ಹದಿನಾರು ಯಾಕೆ ಅಂದೆ? ಹದಿಮೂರು ಅಂದಿದ್ದರೆ ಅದು ಬರೀ ಸತ್ಯವಾಗುತ್ತಿತ್ತು, ಅದರಲ್ಲಿ ಕಲೆ ಎಲ್ಲಿ? ವೀರಪ್ಪ ಗುರುತು ಹಿಡಿದು "ಲೇ ಮಾಸ್ತರ" ಎಂದು ನಗುತ್ತಾನೆ ಎಂದು ಕಾದೆ. ಚಪ್ಪಲಿಯ ಸದ್ದು ರಸ್ತೆ ದಾಟಿ ಹೋಯಿತು. ನನ್ನ ಜೀವನದ ಅತ್ಯುತ್ತಮ ಪ್ರದರ್ಶನಕ್ಕೆ ಒಂದು ಚಪ್ಪಾಳೆಯೂ ಬೀಳಲಿಲ್ಲ. ಬೇಸರದಿಂದ ನಿದ್ದೆ ಹೋದೆ.

ವೀರಪ್ಪನ ಪಡಸಾಲೆಯಲ್ಲಿ ಆ ಹೊತ್ತಿಗೆ ಸಿರುಗುಪ್ಪದ ಬೀಗರು ಕೂತಿದ್ದರು. ನದಿದಂಡೆಯ ಗದ್ದೆ, ಮಹಡಿ ಮನೆ, ಒಳ್ಳೆಯ ಹುಡುಗ. ಹುಡುಗಿಯ ವಯಸ್ಸು ಕೇಳಿದ್ದಾರೆ, ಇವನು ಎದ್ದು ಬಂದು ಕಿಟಕಿಯನ್ನು ಕೇಳಿದ್ದಾನೆ. ಮಕ್ಕಳು ಬೆಳೆಯುವುದೇ ಗೊತ್ತಾಗುವುದಿಲ್ಲ ಎಂದು ತಾನೇ ಆಶ್ಚರ್ಯಪಟ್ಟನಂತೆ. ಭಾನುವಾರ ಎಲೆ ಅಡಿಕೆ ಶಾಸ್ತ್ರ ಎಂದು ಗೊತ್ತಾಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆತ್ತ ತಾಯಿಯನ್ನು ಯಾರೂ ಕೇಳಲಿಲ್ಲ. ಇನ್ನೊಬ್ಬರನ್ನು ಯಾಕೆ ಅನ್ನಲಿ, ಗಣತಿಯಲ್ಲಿ ನಾನೂ ಕೇಳಿರಲಿಲ್ಲ.

ಶುಕ್ರವಾರ ಸಾಲೆ ಬಿಟ್ಟ ಮೇಲೆ ನೀಲಮ್ಮ ನನ್ನ ಮೇಜಿನ ಹತ್ತಿರ ಬಂದಳು.

"ಮಾಸ್ತರ್ರ, ಸೋಮವಾರ ನೀವು ನಂಗ ಹದಿಮೂರು ಅಂತ ಬರ್ಕೊಂಡಿದ್ರಿ. ಗುರುವಾರಕ್ಕ ಹದಿನಾರು ಆತಂತ. ಮೂರು ದಿನಕ್ಕ ಮೂರು ವರ್ಷ ಅಂದ್ರ, ಪರೀಕ್ಷಿ ಬರೂದ್ರಾಗ ನಂಗ ಎಷ್ಟಾಗಿರ್ತೈತ್ರಿ?"

ಬೇರೆ ದಿನವಾಗಿದ್ದರೆ ಈ ಲೆಕ್ಕಕ್ಕೆ ನಾನೇ ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಸಾಲೆಯಿಂದ ಎರವಲು ತೆಗೆದುಕೊಂಡಿದ್ದ ಪುಸ್ತಕಗಳನ್ನು ಒಂದರ ಮೇಲೊಂದು ಅಂಚು ಸರಿಮಾಡಿ ಮೇಜಿನ ಮೇಲಿಟ್ಟಳು. ಭೂಗೋಳದ ಪುಸ್ತಕಕ್ಕೆ ಹೊಸದಾಗಿ ಹೊದಿಕೆ ಹಾಕಿದ್ದಳು. ಅದನ್ನು ಬಿಚ್ಚಿಕೊಳ್ಳದೆ ಹೋದಳು.

ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ, ಆ ಹದಿನಾರನ್ನು ಹೇಗೆ ಹೇಳಿದೆ ಹೇಳಿ ತೋರಿಸು ಎಂದ. ಅವನ ದನಿಯಲ್ಲೇ ಹೇಳಿದೆ. ಹ್ಞಾಂ ಮುಗಿಯುವಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆ, ಕರೆದಿರೇನು ಎಂದು ಸೆರಗಿಗೆ ಕೈ ಒರೆಸುತ್ತ ಬಂದು ಮಾವನ ಮುಂದೆ ನಿಂತಳು. ಮದುವೆಯಾಗಿ ಅಷ್ಟು ವರ್ಷವಾದವಳು! ಮಾವ, ತಾನು ಅಷ್ಟು ಮೂಗಿನಲ್ಲಿ ಮಾತಾಡುತ್ತೇನಾ ಎಂದು ಅವಳನ್ನೇ ಕೇಳಿದ. ಅದಕ್ಕಿಂತ ಜಾಸ್ತಿ ಎಂದು ಅವಳು ಒಳಗೆ ಹೋದಳು.

ಭಾನುವಾರ ಎಲ್ಲರ ಮುಂದೆ ನಾನೇ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ಮಾವ ತಲೆಯಾಡಿಸಿದ.

"ನೀ ಹೇಳಿದ್ರ ನಗ್ತಾರ. ನಕ್ಕು ಎಲಿ ಅಡಿಕಿ ಹಾಕ್ಕೊಂತಾರ. ನಾ ತಪ್ಪಿದೆ ಅಂದ್ರ ಗಾಬರಿ ಆಗ್ತಾರ. ಗಾಬರಿ ಆದ್ರ ಏಳ್ತಾರ."

ಭಾನುವಾರ ಅವನು ಮಡಿಕೆ ಮುರಿಯದ ಧೋತರ ಉಟ್ಟು ವೀರಪ್ಪನ ಪಡಸಾಲೆಗೆ ಹೋದ. ತಟ್ಟೆಯಲ್ಲಿ ಎಲೆ ಅಡಿಕೆ ಸಿದ್ಧವಾಗಿತ್ತು. ಊರಿನ ಹತ್ತಾರು ಗಂಡಸರು ಗೋಡೆಗೆ ಒರಗಿ ಕೂತಿದ್ದರು. ನಾನು ಕಂಬದ ಹಿಂದೆ ನಿಂತೆ. ಮಾವ ಕೂರಲಿಲ್ಲ. ತಾನು ಎರಡು ಎತ್ತುಗಳನ್ನು ಮನಸ್ಸಿನಲ್ಲಿ ಅದಲುಬದಲು ಮಾಡಿಕೊಂಡೆ, ಹುಡುಗಿಗೆ ಹದಿಮೂರೇ, ಹದಿನಾರು ತನ್ನ ತಪ್ಪು ಎಂದು ನಿಂತೇ ಹೇಳಿದ. ವೀರಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಸಿರುಗುಪ್ಪದ ಹಿರಿಯ ಮಾತ್ರ ಬಿಡುವವನಾಗಿರಲಿಲ್ಲ. ತೆಲುಗು ಬೆರೆಸಿ ಗೊಣಗಿಕೊಂಡು, ಆಮೇಲೆ ಎಲ್ಲರಿಗೂ ಕೇಳುವಂತೆ ಸವಾಲು ಹಾಕಿದ. "ಇಷ್ಟು ವರ್ಷ ತಪ್ಪದ ಲೆಕ್ಕ ಇವತ್ತು ತಪ್ಪಿತೇನು? ಹಂಗಾರ ಈ ಊರಾಗ ಎಲ್ಲಾರ ವಯಸ್ಸೂ ತಪ್ಪು ಅನ್ನು ನೋಡಾಣ."

ಗೋಡೆಗೆ ಒರಗಿದ್ದವರೆಲ್ಲ ನೆಟ್ಟಗೆ ಕೂತರು. ಅವರು ಮದುವೆಯಾದದ್ದು, ಮಕ್ಕಳನ್ನು ಸಾಲೆಗೆ ಹಾಕಿದ್ದು, ಕೋರ್ಟಿನಲ್ಲಿ ಪ್ರಮಾಣ ಮಾಡಿದ್ದು ಎಲ್ಲವೂ ಈ ಒಬ್ಬನ ಬಾಯಿಯ ಮೇಲೆ ನಿಂತಿತ್ತು. ಅಳಿಯನ ಕಿಡಿಗೇಡಿತನ ಎಂದು ಎರಡು ಮಾತು ಹೇಳಿದ್ದರೆ ಮಾವ ಉಳಿದುಕೊಳ್ಳುತ್ತಿದ್ದ. ನಾನು ಕಂಬ ಬಿಟ್ಟು ಮುಂದೆ ಬಂದೆ. ಅವನು ನನ್ನ ಕಡೆ ನೋಡದೆ ಕೈ ಅಡ್ಡ ಚಾಚಿ ತಡೆದ.

ಬೀಗರು ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು. ನೀಲಮ್ಮ ಮರುದಿನ ಬಂದು ನನ್ನ ಮೇಜಿನಿಂದ ಆ ಪುಸ್ತಕಗಳನ್ನು ಕೇಳದೆಯೇ ಎತ್ತಿಕೊಂಡಳು. ಮಾವನ ಕಿಟಕಿಯ ಕೆಳಗೆ ಆಮೇಲೆ ಯಾರೂ ಬಂದು ನಿಲ್ಲಲಿಲ್ಲ. ಊಟವಾದ ಮೇಲೆ ಅವನು ಹೊರಸಿನ ಮೇಲೆ ಬರೀ ಮಲಗುತ್ತಿದ್ದ. ಇಷ್ಟಕ್ಕೆಲ್ಲ ಕಾರಣ, ಅಂದು ಆ ಹಿರಿಯನ ಸವಾಲಿಗೆ ನಶ್ಯವನ್ನೂ ಏರಿಸದೆ, ಹ್ಞಾಂ ಕೂಡ ಅನ್ನದೆ ಅವನು ಕೊಟ್ಟ ಉತ್ತರ:

"ತಪ್ಪಿರಬೌದ್ರಿ. ಅವರೆಲ್ಲಾ ಬೆಳದು ಮುಗಿಸ್ಯಾರ, ತಪ್ಪು ವಯಸ್ಸಿನಾಗೂ ಅವರದು ನಡೀತೈತಿ. ಈ ಕೂಸು ಇನ್ನಾ ಬೆಳೀಬೇಕು."