ಮುಖ್ಯ ಇಂಜಿನಿಯರರ ಒಳಮನಸ್ಸಿನ ಸನ್ನಿಧಾನಕ್ಕೆ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯ ಇಂಜಿನಿಯರರ ಒಳಗೆ ಬಹುಕಾಲದಿಂದ ಬಾಡಿಗೆಯಿಲ್ಲದೆ ವಾಸವಾಗಿರುವ ಮಾನ್ಯ ಒಳಮನಸ್ಸಿನವರೇ,

ಅದೇ ವಿಭಾಗದ ಕಿರಿಯ ಇಂಜಿನಿಯರ್ ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವುದಿಲ್ಲ; ತಾವು ಚೆನ್ನಾಗಿಯೇ ಇದ್ದೀರಿ, ನನ್ನ ದೂರೂ ಅದೇ.

ರಕ್ತದ ಟ್ಯೂಬಿನ ಮೇಲೆ ಹೆಸರು ಬರೆದು, ಆ ಹೆಸರು ನೋಡಿಯೇ ವರದಿ ಹೊಂದಿಸುವ ನಮ್ಮ ಹಳೆಯ ಪದ್ಧತಿಯ ಬದಲು, ಟ್ಯೂಬಿಗೂ ರೋಗಿಯ ಕೈಪಟ್ಟಿಗೂ ಒಂದೇ ಬಾರ್‌ಕೋಡ್ ಅಂಟಿಸುವ ವಿಧಾನವನ್ನು ನಾನು ಒಂದು ವಾರ್ಡಿನಲ್ಲಿ ಕೆಲವು ತಿಂಗಳು ನಡೆಸಿ, ಒಂದೂ ಅದಲುಬದಲಾಗಲಿಲ್ಲವೆಂದು ತೋರಿಸುವ ಫೈಲನ್ನು ಸಾಹೇಬರಿಗೆ ಒಪ್ಪಿಸಿದೆ. ಅವರು ಅದನ್ನು ತೆರೆಯಲಿಲ್ಲ. ಅಂಗೈಯಲ್ಲಿಟ್ಟು ತೂಗಿ, ಕಣ್ಣು ಮುಚ್ಚಿ, ಒಳಗಿರುವ ತಮ್ಮನ್ನು ಒಂದು ಮಾತು ಕೇಳಿ, "ಯಾಕೋ ಸರಿ ಅನಿಸ್ತಿಲ್ಲಮ್ಮ" ಎಂದರು.

ಆಹಾ, ಪ್ರಯೋಗ ಬೇಡ, ಲೆಕ್ಕ ಬೇಡ, ಕರೆಂಟೂ ಬೇಡ. ತಮ್ಮಂಥ ಯಂತ್ರ ದುಡ್ಡು ಕೊಟ್ಟರೂ ಸಿಗದು. ತಮ್ಮ ಕೃಪೆಯಿಂದ ಕಳೆದ ವಾರ ಎಪ್ಪತ್ತು ದಾಟಿದ ನನ್ನ ಸೋದರತ್ತೆ ಗರ್ಭಿಣಿಯಾದರು, ಅದೇ ಹೆಸರಿನ ಬಸುರಿ ಹುಡುಗಿಗೆ ಅತ್ತೆಯ ಸಕ್ಕರೆ ಕಾಯಿಲೆ ಬಂತು. "ನಿಮ್ಮಾವ ಹೋಗಿ ಹತ್ತು ವರ್ಷ ಆಯ್ತಲ್ಲೇ, ಜನ ಏನಂದ್ಕೋತಾರೆ" ಎಂದು ಅತ್ತೆ ಕೇಳಿದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಆ ಹುಡುಗಿ ಮಾತ್ರ ಬೇಡದ ಮಾತ್ರೆ ನುಂಗಿ ತಲೆಸುತ್ತಿ ಬಿದ್ದಳು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು. ಅದನ್ನು ನೆನೆದರೆ ನನಗೆ ಈಗಲೂ ತಮ್ಮ ಮೇಲೆ ಸಿಟ್ಟು ಬರುತ್ತದೆ.

ಸೋಮವಾರದ ಸಭೆಯಲ್ಲಿ ತಾವು ಇನ್ನೊಮ್ಮೆ 'ಯಾಕೋ' ಎಂದರೆ ನನ್ನ ವಿಧಾನ ಖಾಯಂ ಆಗಿ ಮೂಲೆ ಸೇರುತ್ತದೆ. ಆದ್ದರಿಂದ ಒಂದೋ ತಾವು ಆ ದಿನ ರಜೆ ಹಾಕಬೇಕು, ಇಲ್ಲವೇ ಇನ್ನು ಮುಂದೆ ವರದಿ ಕೊಡುವ ಕಿಟಕಿಯಲ್ಲಿ ಖುದ್ದಾಗಿ ಕುಳಿತು, ಬಂದವರ ಮುಖ ನೋಡಿ ಯಾವ ರಕ್ತ ಯಾರದೆಂದು ತಮಗೆ ಅನಿಸಿದಂತೆ ಹಂಚಬೇಕು. ಊಟಕ್ಕೆ ಬಿಡುವು ಕೊಡಿಸುವ ಹೊಣೆ ನನ್ನದು. ಅತ್ತೆಯ ಹೆರಿಗೆ ಯಾವಾಗ ಎಂಬುದನ್ನೂ ತಾವೇ ತಿಳಿಸಿದರೆ ತೊಟ್ಟಿಲು ಹುಡುಕಲು ಅನುಕೂಲವಾದೀತು.

ತಮ್ಮನ್ನು ಕಣ್ಣಾರೆ ಕಾಣದೆಯೇ ನಂಬಬೇಕಾಗಿ ಬಂದಿರುವ,
ತಮ್ಮ ವಿಶ್ವಾಸಿ,
ಕಿರಿಯ ಇಂಜಿನಿಯರ್

ತಾ.ಕ.: ನಿನ್ನೆ ಸಾಹೇಬರ ಹೆಂಡತಿ ರಕ್ತ ಪರೀಕ್ಷೆಗೆ ಬಂದಿದ್ದರು. ಸಾಹೇಬರು ನನ್ನ ಮೇಜಿನ ಬಳಿ ಬಂದು, ಅತ್ತಿತ್ತ ನೋಡಿ, "ಇವಳದ್ದು ಮಾತ್ರ ನಿನ್ನ ಬಾರ್‌ಕೋಡ್‌ನಲ್ಲೇ ಮಾಡ್ಬಿಡಮ್ಮ" ಎಂದು ಮೆಲ್ಲಗೆ ಹೇಳಿದರು. ಹಾಗೆ ಹೇಳಿಸಿದ್ದು ತಾವೇ ತಾನೇ?