ದೊಡ್ಡಪ್ಪನ ಕಣ್ಣು ತೆರೆಸಿದ ಕಂಪ್ಯೂಟರ್

ಸಲಹೆ ಕೊಡುವವರ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ನಮ್ಮ ಮೂಡಿಗೆರೆ ಕಡೆ ಒಬ್ಬ ಮನುಷ್ಯ ಕಾಯಿಲೆ ಬಿದ್ದರೆ ನೋಡಲು ನಾಲ್ಕು ಜನ ಬರುತ್ತಾರೆ. ಅದೇ ಮನುಷ್ಯ ಒಂದು ಯಂತ್ರ ಕೊಳ್ಳುತ್ತಾನೆಂದು ಗೊತ್ತಾದರೆ ಊರೇ ಬರುತ್ತದೆ. ಬಂದವರು ಕಾಫಿ ಕುಡಿಯುತ್ತಾರೆ, ಹಿಂದಿನ ವರ್ಷ ತಾವು ಕೊಂಡದ್ದನ್ನು ಹೊಗಳುತ್ತಾರೆ, ನಾವು ಕೊಳ್ಳಬೇಕೆಂದಿರುವುದನ್ನು ತೆಗಳಿ ಎದ್ದು ಹೋಗುತ್ತಾರೆ. ನಾನು ಇಂಥವರನ್ನೆಲ್ಲ ಮೀರಿದವನು ಎಂದುಕೊಂಡಿದ್ದೆ. ಕಂಪ್ಯೂಟರ್ ಕೊಂಡ ಕತೆ ಹೇಳುತ್ತೇನೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಇಸವಿ ಖಚಿತವಾಗಿ ಹೇಳಲಾರೆ. ನೆನಪು ಎಂಬುದು ಪೇಟೆಯ ಸ್ಟುಡಿಯೋದವನಿದ್ದ ಹಾಗೆ, ನಾವು ಕೇಳದಿದ್ದರೂ ಮುಖಕ್ಕೆ ಬಣ್ಣ ಬಳಿದು ಕೊಡುತ್ತದೆ. ಆದ್ದರಿಂದ ಈ ಕತೆಯಲ್ಲಿ ಎಲ್ಲಾದರೂ ನಾನು ಚೆನ್ನಾಗಿ ಕಂಡರೆ ಅಷ್ಟನ್ನು ನಂಬಬೇಡಿ.

ನಮ್ಮ ದೊಡ್ಡಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ವರ್ಷದ ಕಾರ್ಯಕ್ಕೆ ದೊಡ್ಡ ಫೋಟೋ ಮಾಡಿಸಿ ಗೋಡೆಗೆ ಹಾಕಬೇಕೆಂದು ದೊಡ್ಡಮ್ಮನ ಆಸೆ. ಆದರೆ ದೊಡ್ಡಪ್ಪ ಕ್ಯಾಮೆರಾ ಕಂಡರೆ ಜೀಪಿನ ಹಿಂದೆ ಹೋಗಿ ಟಯರ್ ನೋಡುತ್ತಾ ನಿಲ್ಲುವ ಜನ. ಇದ್ದ ಒಂದೆರಡು ಫೋಟೋಗಳನ್ನು ಬೂಸ್ಟು ತಿಂದು ಹಾಕಿತ್ತು. ಉಳಿದದ್ದು ಒಂದೇ. ದೇವರಮನೆ ಬೆಟ್ಟಕ್ಕೆ ಹೋಗಿದ್ದಾಗ ಹಾಸನದ ನೆಂಟರೊಬ್ಬರು ತೆಗೆದದ್ದು. ಗುಡ್ಡದ ಮೇಲೆ ದೊಡ್ಡಪ್ಪ ನಿಂತಿದ್ದಾರೆ, ಅಂಗಿ ಗಾಳಿಗೆ ಉಬ್ಬಿದೆ, ದಪ್ಪ ಮೀಸೆಯ ಮುಖದಲ್ಲಿ ಎಂಥದೋ ಸಂತೋಷವಿದೆ, ಎರಡೂ ಕಣ್ಣು ಮುಚ್ಚಿವೆ.

"ಕಣ್ಣು ಮುಚ್ಚಿದ ಫೋಟೋಗೆ ಹಾರ ಹಾಕಿದ್ರೆ ಬಂದವ್ರು ಎಂಥ ಅಂತಾರೆ ಮಗಾ?" ಎಂದರು ದೊಡ್ಡಮ್ಮ. "ಬದುಕಿದ್ದಾಗ ಒಂದು ಫೋಟೋ ತೆಗ್ಸಕ್ಕಾಗ್ಲಿಲ್ಲ, ಹೆಣದ್ದು ತೆಗ್ಸಿ ತೂಗು ಹಾಕಿದಾಳೆ ಅಂತಾರೆ. ಕಂಪ್ಯೂಟರಲ್ಲಿ ಕಣ್ಣು ತೆರೆಸ್ತಾರಂತಲ್ಲ, ತೆರೆಸಿ ಕೊಡು."

ಪೇಟೆಯ ಸ್ಟುಡಿಯೋಗೆ ಕೊಡಬಹುದಿತ್ತು. ಆದರೆ ಆ ಸ್ಟುಡಿಯೋದವನ ಬಳಿ ಇದ್ದದ್ದು ಒಂದೇ ಜೊತೆ ಕಣ್ಣು. ಯಾರ ಫೋಟೋ ಕೊಟ್ಟರೂ ಅದನ್ನೇ ಅಂಟಿಸುತ್ತಿದ್ದ. ತಿಥಿ ಊಟಕ್ಕೆಂದು ಯಾವ ಮನೆಗೆ ಹೋದರೂ ಹಾರದ ನಡುವಿನಿಂದ ಅದೇ ಕಪ್ಪು ದುಂಡು ಕಣ್ಣು ನಮ್ಮ ಎಲೆಯನ್ನು ನೋಡುತ್ತಿತ್ತು. ಗಂಡಸು, ಹೆಂಗಸು, ಮುದುಕ, ಪ್ರಾಯದವನು ಎಂಬ ಭೇದವಿರಲಿಲ್ಲ. ನಮ್ಮ ದೊಡ್ಡಪ್ಪನನ್ನು ಆ ಸಾಲಿಗೆ ಸೇರಿಸಲು ನಾನು ಒಪ್ಪಲಿಲ್ಲ. "ನಾನೇ ಮನೆಯಲ್ಲಿ ಮಾಡುತ್ತೇನೆ, ಅದಕ್ಕೆ ತಕ್ಕ ಕಂಪ್ಯೂಟರ್ ತರುತ್ತೇನೆ" ಎಂದುಬಿಟ್ಟೆ. ಹೆಂಡತಿ ಲಲಿತ ನನ್ನನ್ನು ಒಮ್ಮೆ ನೋಡಿ, ತನ್ನ ಅಣ್ಣನಿಗೆ ಫೋನ್ ಮಾಡಿದಳು.

ಈ ಅಣ್ಣ, ಎಂದರೆ ನನ್ನ ಭಾವ ರಾಜೇಗೌಡರು, ಕುಟ್ಟಿ ನೋಡುವ ಪಂಗಡಕ್ಕೆ ಸೇರಿದವರು. ಜೀಪಾಗಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಆಗಲಿ, ಹಲಸಿನ ಹಣ್ಣಾಗಲಿ, ಬೆರಳು ಮಡಿಸಿ ಎರಡು ಸಲ ಕುಟ್ಟುತ್ತಾರೆ, ಕಿವಿ ಕೊಡುತ್ತಾರೆ, ತೀರ್ಪು ಹೇಳುತ್ತಾರೆ. ತಂಗಿಗೆ ಗಂಡು ನೋಡಲು ಬಂದಾಗ ನನ್ನ ಬೆನ್ನನ್ನೂ ಕುಟ್ಟಿದ್ದರು. ಆಗ ನಾನು ಅದನ್ನು ಪ್ರೀತಿ ಎಂದು ತಿಳಿದಿದ್ದೆ. ಇಂಥವರ ಜೊತೆ ಕಂಪ್ಯೂಟರ್ ಅಂಗಡಿಗೆ ಹೋಗುವುದು ನನ್ನಂಥ ಓದಿಕೊಂಡವನಿಗೆ ಅವಮಾನ. ನಾನಾದರೋ ಪತ್ರಿಕೆಗಳನ್ನು ತರಿಸಿ, ರ್‍ಯಾಮ್ ಎಂದರೇನು, ಹಾರ್ಡ್ ಡಿಸ್ಕ್ ಎಂದರೇನು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಅರ್ಥವಾಗಿತ್ತೇ ಎಂದು ಕೇಳಬೇಡಿ, ಬಾಯಿಪಾಠ ಎಂದೆನಲ್ಲ.

ಚಿಕ್ಕಮಗಳೂರಿನ ಅಂಗಡಿಯಲ್ಲಿ ಟೈ ಕಟ್ಟಿದ ಒಬ್ಬ ಮಹಾಶಯನಿದ್ದ. "ಸರ್, ಲೆಕ್ಕ ಬರೆಯೋಕಾದ್ರೆ ಇದು, ಗೇಮಿಗಾದ್ರೆ ಇದು, ಫೋಟೋಗಾದ್ರೆ ಇದೇ" ಎಂದು ಮೂರು ಪೆಟ್ಟಿಗೆ ತೋರಿಸಿದ. ಮೂರೂ ಒಂದೇ. ಮೂರನೆಯದರ ಮೇಲೆ ಒಂದು ಗುಲಾಬಿ ಹೂವಿನ ಚೀಟಿ ಅಂಟಿಸಿತ್ತು.

"ರ್‍ಯಾಮ್ ಎಷ್ಟಿದೆ?" ಎಂದು ನಾನು ಗಂಭೀರವಾಗಿ ಕೇಳಿದೆ.

"ಬೇಕಾದಷ್ಟಿದೆ ಸರ್."

ನಾನು ತುಟಿ ಕೊಂಕಿಸಿದೆ. ಅಷ್ಟರಲ್ಲಿ ಭಾವ ಪೆಟ್ಟಿಗೆಯನ್ನು ಕುಟ್ಟಿ, ಎತ್ತಿ ತೂಕ ನೋಡಿ, ಹಿಂದಿನ ಫ್ಯಾನಿನ ಗಾಳಿಗೆ ಮೂಗು ಹಿಡಿದು ಕಣ್ಣು ಮುಚ್ಚಿದ್ದರು. ಒಣಗಿದ ಕಾಫಿಯನ್ನು ಮೂಸುವ ಕ್ರಮವೇ ಅದು. "ಹೊಸ ಮಾಲೇ ಮಾರಾಯ್ರೆ. ಹಳೇದಾಗಿದ್ರೆ ಮುಗ್ಗಲು ವಾಸನೆ ಬರ್ಬೇಕಿತ್ತು" ಎಂದರು. ಟೈ ಕಟ್ಟಿದವನು ಕಕ್ಕಾಬಿಕ್ಕಿಯಾಗಿ ತಾನೂ ಒಮ್ಮೆ ಮೂಸಿ ನೋಡಿದ. ಈ ಇಬ್ಬರ ನಡುವೆ ನಾನು ಯಾವ ಮುಖ ಹೊತ್ತು ನಿಂತಿದ್ದೆ ಎಂಬುದು ಆಗ ನನಗೆ ಕಾಣಲಿಲ್ಲ.

ಮಾನಿಟರ್ ಆರಿಸುವಾಗ ಟೈ ಕಟ್ಟಿದವನು ಒಂದು ಮಾತು ಹೇಳಿದ. ಬಾಳೂರು ಕಡೆಯ ಎಸ್ಟೇಟಿನ ಸಾಹುಕಾರರೊಬ್ಬರು ಹೋದ ವಾರ ಹದಿನೈದು ಇಂಚಿನದು ಒಯ್ದರಂತೆ. ಭಾವ ನನ್ನ ಮುಖ ನೋಡಿದರು. ಓದಿದ್ದೆಲ್ಲ ಮರೆತು ನಾನು, "ಹಾಗಾದರೆ ಹದಿನೇಳು ಕೊಡಿ" ಎಂದೆ. ಭಾವ ಹೇಳಿದರು ಎಂದು ಹಲವು ಕಡೆ ಹೇಳಿಕೊಂಡು ಬಂದಿದ್ದೇನೆ. ಹೇಳಿದವನು ನಾನೇ. ಕಾಫಿ ನಾಡಿನಲ್ಲಿ ಎಲ್ಲ ಸಾಮಾನನ್ನೂ ಆರಿಸುವುದು ಹೀಗೆಯೇ: ಪಕ್ಕದ ಎಸ್ಟೇಟಿನವರಿಗಿಂತ ಒಂದು ಅಳತೆ ದೊಡ್ಡದು. ಜೀಪಿನಲ್ಲಿ ಆ ಮಾನಿಟರನ್ನು ಕಂಬಳಿ ಸುತ್ತಿ ಬಾಣಂತಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಆಲ್ದೂರಿನ ಪ್ರತಿ ತಿರುವಿನಲ್ಲೂ ಡ್ರೈವರನ್ನು ಬೈಯುತ್ತಾ ಬಂದೆ.

ಯಂತ್ರಕ್ಕೆ ಥಂಡಿ ತಾಗಬಾರದೆಂದು ಅಂಗಡಿಯವನು ಹೇಳಿ ಕಳಿಸಿದ್ದ. ನಮ್ಮ ಮನೆಯಲ್ಲಿ ಒಣಗಿದ ಜಾಗವೆಂದರೆ ಒಂದೇ, ಕಾಫಿ ಚೀಲಗಳ ಗೋಡೌನು. ಅಲ್ಲಿ ಮನುಷ್ಯರಿಗಿಂತ ಕಾಫಿಗೆ ಹೆಚ್ಚು ಮರ್ಯಾದೆ. ಹೀಗಾಗಿ ಕಂಪ್ಯೂಟರ್ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳ ನಡುವೆ ಕೂತಿತು. ಫ್ಯಾನು ಗಾಳಿಯ ಜೊತೆ ಕಾಫಿಯ ಹೊಟ್ಟನ್ನೂ ಎಳೆದುಕೊಳ್ಳುತ್ತಿತ್ತು. ಬಿಸಿಯಾದಾಗ ಹುರಿದ ಪರಿಮಳ ಬರುತ್ತಿತ್ತು. ಪಕ್ಕದ ತೋಟದವರು ಪಂಪು ಹಾಕಿದರೆ ವೋಲ್ಟೇಜ್ ಇಳಿದು ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಹದಿನೇಳು ಇಂಚಿನ ಅಭಿಮಾನ ಹನ್ನೆರಡಕ್ಕೆ ಇಳಿಯುತ್ತಿತ್ತು.

ಮೊದಲ ದಿನ ಭಾವ ಪೂಜೆಯಿಲ್ಲದೆ ಸ್ವಿಚ್ ಹಾಕಲು ಬಿಡಲಿಲ್ಲ. ಜೀಪಿಗಾದರೆ ಚಕ್ರದಡಿ ನಿಂಬೆಹಣ್ಣು ಇಡಬಹುದು, ಇದಕ್ಕೆ ಚಕ್ರವೆಲ್ಲಿ? ಕೊನೆಗೆ ಮೌಸನ್ನು ಎತ್ತಿ, ಅಡಿಯಲ್ಲಿ ಉರುಳುವ ಗುಂಡು ಕಂಡು ಸಮಾಧಾನಪಟ್ಟು, ಅದರಡಿ ಪುಟ್ಟ ನಿಂಬೆಕಾಯಿ ಇಟ್ಟರು. ಪರದೆಯ ನಟ್ಟನಡುವೆ ಗಂಧ ಕುಂಕುಮ ಹಚ್ಚಿದರು. ಅದು ಎಷ್ಟು ಒರೆಸಿದರೂ ಪೂರ್ತಿ ಹೋಗಲಿಲ್ಲ, ಮುಂದೆ ಯಾರ ಫೋಟೋ ತೆರೆದರೂ ಮೂಗಿನ ಮೇಲೊಂದು ಕೆಂಪು ಬೊಟ್ಟು. ಭಾವ ಮಂಗಳಾರತಿ ಎತ್ತುವಾಗ ನಾನು ಕೈಕಟ್ಟಿ ನಿಂತು ನೋಡುತ್ತಿದ್ದೆ. ಮನೆಯ ಕ್ಯಾಮೆರಾದ ರೋಲಿನಲ್ಲಿ ಉಳಿದಿದ್ದ ಕೊನೆಯ ಫಿಲ್ಮಿನಲ್ಲಿ ಲಲಿತ ನನ್ನ ಫೋಟೋ ತೆಗೆದಳು.

ಇನ್ನು ಕಣ್ಣಿನ ವಿಚಾರ. ದೊಡ್ಡಪ್ಪನ ಫೋಟೋವನ್ನೂ ಮನೆಯಲ್ಲಿದ್ದ ಬೇರೆ ಫೋಟೋಗಳನ್ನೂ ಚಿಕ್ಕಮಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ ಯಂತ್ರಕ್ಕೆ ಇಳಿಸಿ, ಯಾರ್‍ಯಾರದೋ ಕಣ್ಣು ಕತ್ತರಿಸಿ ಅಂಟಿಸಿ ನೋಡಿದೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ ಕಣ್ಣು ಹಾಕಿದರೆ ದೊಡ್ಡಪ್ಪ ಸಂಬಳ ಕೇಳುವವರ ಹಾಗೆ ಕಂಡರು. ಭಾವನ ಕಣ್ಣು ಹಾಕಿದರೆ ಈಗಲೇ ಕೈ ಚಾಚಿ ನನ್ನನ್ನು ಕುಟ್ಟುವರೇನೋ ಎನಿಸಿತು. ಆಗ ಹೊಳೆಯಿತು: ನಮ್ಮ ವಂಶದ ಕಣ್ಣು ನನ್ನಲ್ಲೇ ಇದೆಯಲ್ಲ! ದೊಡ್ಡಪ್ಪನ ಪಡಿಯಚ್ಚು ನಾನು ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದರು. ಪೂಜೆಯ ದಿನದ ಫೋಟೋದಿಂದ ನನ್ನ ಕಣ್ಣು ತೆಗೆದು ಕೂರಿಸಿದೆ. ಅಳೆದು ಮಾಡಿದ ಹಾಗೆ ಕೂತಿತು. ಸ್ಟುಡಿಯೋದವನೂ ಟೈ ಕಟ್ಟಿದವನೂ ಭಾವನೂ ಸಾಲಾಗಿ ಬಂದು ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು ಎನಿಸಿತು. ಚಿಕ್ಕಮಗಳೂರಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ದೊಡ್ಡಮ್ಮನ ಮನೆಗೆ ಒಯ್ದೆ.

ದೊಡ್ಡಮ್ಮ ಸೆರಗಿನಿಂದ ಗಾಜು ಒರೆಸಿ ನೋಡಿದರು. "ಎಷ್ಟು ಚೆಂದ ಕೂರ್ಸಿದೀಯ ಮಗಾ" ಎಂದರು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರು.

"ಇವ್ರು ಯಾರನ್ನ ನೋಡ್ತಿದಾರೆ ಹಿಂಗೆ?"

"ನಿಮ್ಮನ್ನೇ, ದೊಡ್ಡಮ್ಮ."

"ನನ್ನನ್ನ ಒಂದಿನ ಹಿಂಗೆ ನೋಡಿದವ್ರಲ್ಲ ಮಾರಾಯ. ಸಾರಿಗೆ ಉಪ್ಪು ಎರಡು ಸಲ ಬಿದ್ದಾಗ್ಲೂ ನೋಡಿದವ್ರಲ್ಲ. ಇದು ಎದುರಿಗಿದ್ದವ್ರಿಗೆ ಎಂಥದೂ ಗೊತ್ತಿಲ್ಲ ಅಂತ ನೋಡೋ ಕಣ್ಣು." ಫೋಟೋವನ್ನು ನನ್ನ ಕೈಗೇ ಕೊಟ್ಟರು. "ಇದನ್ನ ಗೋಡೆಗೆ ಹಾಕಿದ್ರೆ ನಂಗೆ ಅಡಿಗೆ ಮಾಡಕ್ಕೂ ಹೆದ್ರಿಕೆ ಆಗತ್ತೆ. ಮುಚ್ಚಿದ್ದೇ ಇರ್ಲಿ. ಅಂದೋರು ಅಂದ್ಕೊಳ್ಳಲಿ."

ನನ್ನ ಜೊತೆ ಬಂದಿದ್ದ ಲಲಿತ ನಗು ತಡೆಯಲು ಮುಖ ತಿರುಗಿಸಿದಳು. "ಆ ಕಣ್ಣನ್ನ ನಾನು ದಿನಾ ನೋಡ್ತೀನಿ ದೊಡ್ಡಮ್ಮ" ಎಂದಳು.

ವರ್ಷದ ಕಾರ್ಯದ ದಿನ ಗೋಡೆಯ ಮೇಲಿದ್ದದ್ದು ಕಣ್ಣು ಮುಚ್ಚಿದ ದೊಡ್ಡಪ್ಪನೇ. ಬಂದ ನೆಂಟರೊಬ್ಬರು, "ಇದೇನು, ಕಣ್ಣು ಮುಚ್ಚಿದಾರಲ್ಲ?" ಎಂದು ಕೇಳಿಯೇಬಿಟ್ಟರು. ದೊಡ್ಡಮ್ಮ ಎಲೆಗೆ ಪಾಯಸ ಬಡಿಸುತ್ತಾ, "ದೇವರಮನೇಲಿ ಗಾಳಿ ಜಾಸ್ತಿ ಇತ್ತು" ಎಂದರು. ಅವರು ಮುಂದಿನ ಎಲೆಗೆ ಹೋದರು. ಯಾರೂ ಮತ್ತೆ ಕೇಳಲಿಲ್ಲ.

ನಾನು ಕಣ್ಣು ತೆರೆಸಿದ ದೊಡ್ಡಪ್ಪ ಗೋಡೌನಿನಲ್ಲಿ ಚೀಲಗಳಿಗೆ ಒರಗಿಕೊಂಡರು. ಭಾವ ಒಂದು ದಿನ ಬಂದವರು ಅದನ್ನು ನೋಡಿ, ಕಟ್ಟನ್ನು ಎರಡು ಸಲ ಕುಟ್ಟಿ, "ಚೆಂದ ಬಂದಿದೀರಿ ಮಾರಾಯ್ರೆ. ಮೀಸೆ ಯಾವಾಗ ಬಿಟ್ರಿ?" ಎಂದರು.

ಮೊನ್ನೆ ಪರಿಚಯದ ಮೇಷ್ಟರೊಬ್ಬರು ಮನೆಗೆ ಬಂದಿದ್ದರು. ಫೋಟೋ ಕೆಲಸಕ್ಕೆ ಕಂಪ್ಯೂಟರ್ ಕೊಳ್ಳಬೇಕಂತೆ, ನೀವು ತಿಳಿದವರು, ಯಾವುದು ಒಳ್ಳೆಯದು ಹೇಳಿ ಎಂದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಅವರನ್ನು ಒಮ್ಮೆ ನೋಡಿ, ಬಾಯಿ ತೆರೆದೆ. ಒಳಗಿನಿಂದ ಕಾಫಿ ತಂದ ಲಲಿತ ಲೋಟ ಇಡುತ್ತಾ ಮೆಲ್ಲಗೆ, "ರೀ, ಕಣ್ಣು" ಎಂದಳು. ನಾನು ಎರಡೂ ಕಣ್ಣು ಮುಚ್ಚಿಕೊಂಡು ಹೇಳಿದೆ: "ಕುಟ್ಟಿ ನೋಡಿ ತಗೊಳ್ಳಿ ಮೇಷ್ಟ್ರೇ."