ಲೀಗು ಶುರುವಾಗದೆ ನಿಂತುಹೋದ ನಿಕಾಹ್

ಇಂದ,
ಶೈಸ್ತಾ,
ಬಷೀರ್ ಅಹಮದ್ ಅವರ ಮಗಳು (‘ಕೋಂ’ ಕಾಲಂ ಸದ್ಯಕ್ಕೆ ಖಾಲಿ),
ಶಿಡ್ಲಘಟ್ಟ.

ಗೆ,
ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್ ನಡೆಸುವ ಮಾನ್ಯ ಪ್ರಾಧಿಕಾರ (ಅದು ಯಾವುದೇ ಇರಲಿ).

ವಿಷಯ: ನನ್ನ ಮದುವೆಯ ದಿನದ ಪಂದ್ಯಕ್ಕೆ ಆಸನ ಮಂಜೂರು ಮಾಡುವ ಕುರಿತು.

ಉಲ್ಲೇಖ: 1. ಕಳೆದ ವರ್ಷ ತಾವು ಹೊರಡಿಸದೆ ಉಳಿದ ವೇಳಾಪಟ್ಟಿ. 2. ನನ್ನ ತಾಯಿಯ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಬೇರೆಯವರ ಅರ್ಜಿಗೆ ಸೀಲು ಹೊಡೆಯುವುದು ನನ್ನ ಕೆಲಸ. ಸ್ವಂತಕ್ಕೆ ಬರೆಯುತ್ತಿರುವುದು ಇದೇ ಮೊದಲು.

1. ನನ್ನ ತಂದೆ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಸುವವರು. ಊರೆಲ್ಲ ಕ್ರಿಕೆಟ್ ನೋಡುವಾಗ ಅವರೊಬ್ಬರು ಫುಟ್‌ಬಾಲ್. ಬೆಂಗಳೂರಿನ ತಂಡ ಕಂಠೀರವದಲ್ಲಿ ಆಡುವ ದಿನ ಮಧ್ಯಾಹ್ನವೇ ಬಸ್ ಹತ್ತುತ್ತಾರೆ. ಜೊತೆಗೆ ನಾನು, ಶಾಲೆಗೆ ಹೋಗುತ್ತಿದ್ದಾಗಿನಿಂದಲೂ. ಆಫ್‌ಸೈಡ್ ಅಂದರೇನೆಂದು ಅಬ್ಬಾ ನನಗೆ ಬಸ್ಸಿನ ಸೀಟಿನ ಮೇಲೆ ಕಡಲೆಕಾಯಿ ಜೋಡಿಸಿ ಕಲಿಸಿದರು.

2. ಕಳೆದ ವರ್ಷ ಚಿಂತಾಮಣಿಯಿಂದ ನಯೀಮ್ ಎಂಬುವರ ಸಂಬಂಧ ಬಂತು. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಎರಡೂ ಮನೆಗೆ ಒಪ್ಪಿಗೆ. ನನಗೂ ಒಪ್ಪಿಗೆ, ಈ ಅಂಶವನ್ನು ವಿಶೇಷವಾಗಿ ಗಮನಿಸುವುದು. ತಾರೀಖು ಕೇಳಿದಾಗ ಅಬ್ಬಾ, "ಸೀಸನ್ ಮುಗೀಲಿ, ಮಾಡಣ" ಅಂದರು. ಯಾರೂ ತಕರಾರು ಮಾಡಲಿಲ್ಲ.

3. ಆದರೆ ಆ ಸಲ ಸೀಸನ್ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಲೀಗ್ ಯಾರು ನಡೆಸಬೇಕೆಂಬ ಒಪ್ಪಂದ ಆಗದ ಕಾರಣ ವೇಳಾಪಟ್ಟಿ ಇಲ್ಲ. ವೇಳಾಪಟ್ಟಿ ಇಲ್ಲದ ಕಾರಣ ಆರಂಭವಿಲ್ಲ. ಆರಂಭವಿಲ್ಲದ ಕಾರಣ ಮುಕ್ತಾಯವಿಲ್ಲ. ಆದ್ದರಿಂದ ನಿಕಾಹ್ ಇಲ್ಲ.

"ಶುರುವೇ ಆಗ್ದಿರೋದು ಮುಗಿಯೋದು ಯಾವಾಗ ರೀ?" ಎಂದು ನನ್ನ ತಾಯಿ ರಹಮತುನ್ನೀಸಾ ಕೇಳಿದರು.

"ಅದನ್ನ ಅವ್ರನ್ನೇ ಕೇಳ್ಬೇಕು" ಎಂದು ಅಬ್ಬಾ ದೆಹಲಿಯ ದಿಕ್ಕಿಗೆ ಕೈ ತೋರಿಸಿದರು. (ಮನೆಯಲ್ಲಿ ನಾವು ಆಡುವುದು ಉರ್ದು. ಕಡತದ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ.)

4. ತಾವು ನಡೆಸದ ಕಾರಣ, ನಯೀಮ್ ಮತ್ತು ನಾನೇ ಒಂದು ಲೀಗ್ ನಡೆಸಿದೆವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಂಡಗಳು. ಗೌರಿಬಿದನೂರಿನಿಂದ ಬಂದವರು ಕಬಡ್ಡಿ ಆಡುವವರು. ಎದುರಾಳಿಯನ್ನು ಹಿಡಿದು ಕೆಡವುತ್ತಿದ್ದರು, ಚೆಂಡಿನ ಗೊಡವೆಗೆ ಹೋಗುತ್ತಿರಲಿಲ್ಲ. ನಮ್ಮೂರಿಗೆ ಅಬ್ಬಾ ಕೋಚ್. ಪಕ್ಕದ ಮೇಲೂರಿನ ಮೈದಾನದಲ್ಲಿ ಫೈನಲ್ ನಮಗೂ ಚಿಂತಾಮಣಿಗೂ ಬಿತ್ತು. ಚಿಂತಾಮಣಿಯ ಗೋಲ್‌ಕೀಪರ್ ನಯೀಮ್.

5. ಚಿಂತಾಮಣಿ ಒಂದು ಗೋಲು ಮುಂದೆ. ಕೊನೆಯ ಗಳಿಗೆಯಲ್ಲಿ ನಮಗೆ ಪೆನಾಲ್ಟಿ. ನಮ್ಮ ಕಡೆಯ ಮುನೇಶ್ ಚೆಂಡಿಟ್ಟ. ನಾನು ಗೋಲಿನ ಹಿಂದೆ ಓಡಿ ಹೋಗಿ ನಯೀಮ್‌ಗೆ, "ಬಿಟ್ಬಿಡ್ರೀ, ಅಬ್ಬಾ ಖುಷಿಯಾಗ್ತಾರೆ" ಅಂದೆ.

"ಬಿಟ್ರೆ ಅವ್ರಿಗೆ ಗೊತ್ತಾಗುತ್ತೆ ಕಣ್ರೀ. ಆಮೇಲೆ ಯಾವತ್ತೂ ನನ್ ಮುಖ ನೋಡಲ್ಲ."

ಮುನೇಶ್ ಒದ್ದ. ಅವರು ಎಡಕ್ಕೆ ಹಾರಿ ತಡೆದರು. ನಾವು ಸೋತೆವು. ಅಬ್ಬಾ ನೇರ ಹೋಗಿ ಅವರ ಕೈಯನ್ನು ಕೈಗವಸಿನ ಸಮೇತ ಹಿಡಿದು, "ಭಲೇ!" ಅಂದರು. ನಾನು ಮನಸ್ಸಿನಲ್ಲೇ ಮೆಹಂದಿ ಹಚ್ಚಿಕೊಂಡೆ. ಅಮ್ಮಿ ಅಲ್ಲೇ ತಾರೀಖು ಕೇಳಿದರು.

"ಇದು ಮೇಲೂರ್ ಲೀಗು. ನಾನ್ ಹೇಳಿದ್ದು ನ್ಯಾಷನಲ್ ಲೀಗು" ಅಂದರು ಅಬ್ಬಾ.

6. ಮನೆಗೆ ಬಂದು ನಾನು ತಟ್ಟೆ ಕುಕ್ಕಿದೆ. ಅಮ್ಮಿ ಅಡುಗೆಮನೆಗೆ ಕರೆದು, "ಲೀಗೂ ಇಲ್ಲ, ಏನೂ ಇಲ್ಲ ಕಣಮ್ಮ. ನೀನು ಹೋದ್ಮೇಲೆ ಮ್ಯಾಚಿಗೆ ಜೊತೆ ಯಾರ್ ಬರ್ತಾರೆ ಅಂತ ಆ ಮನುಷ್ಯಂಗೆ ಸಂಕಟ. ಬಾಯ್ಬಿಟ್ಟು ಹೇಳೋಕೂ ಬರಲ್ಲ. ಹೋಗಿ ಮಾತಾಡು" ಅಂದರು.

ಇಂಥ ಪ್ರಕರಣದಲ್ಲಿ ಯಾವ ಕ್ರಮ ಕೈಗೊಳ್ಳಬೇಕೆಂಬ ಸುತ್ತೋಲೆ ನಮ್ಮ ಕಚೇರಿಗೆ ಬಂದಿಲ್ಲ. ನೂಲು ತೆಗೆಯುವ ಶೆಡ್ಡಿಗೆ ಹೋಗಿ ಅಬ್ಬಾನ ಪಕ್ಕ ಕೂತೆ.

"ಚಿಂತಾಮಣಿ ಏನ್ ಲಂಡನ್ನಾ ಅಬ್ಬಾ? ಅಲ್ಲಿಂದ ಬಸ್ ಹತ್ತಿ ಬರ್ತೀನಿ. ಸ್ಟೇಡಿಯಂ ಗೇಟ್ ಹತ್ರ ಕಾಯಿರಿ."

ಅಬ್ಬಾ ಬಿಸಿನೀರಿನಲ್ಲಿ ತೇಲುತ್ತಿದ್ದ ಗೂಡುಗಳನ್ನು ಕೋಲಿನಿಂದ ತಿರುವಿದರು. ಹಬೆಗೆ ಕಣ್ಣು ಉರಿಯುತ್ತದೆ ಎಂದು ಟವೆಲ್ಲಿನಿಂದ ಒರೆಸಿಕೊಂಡರು. ಮೂವತ್ತು ವರ್ಷದಿಂದ ಕಣ್ಣು ಉರಿಸದ ಹಬೆ.

"ಲೇಟ್ ಮಾಡ್ಬಾರ್ದು ಮತ್ತೆ" ಅಂದರು.

ರಂಜಾನ್ ಕಳೆದ ಮೇಲಿನ ಒಂದು ಭಾನುವಾರಕ್ಕೆ ನಿಕಾಹ್ ನಿಗದಿಯಾಯಿತು.

7. ಇಷ್ಟಾದ ಮೇಲೆ ತಾವು ಸೀಸನ್ ಆರಂಭಿಸಿದಿರಿ. ಅದೇ ಭಾನುವಾರ ಬೆಂಗಳೂರಿನಲ್ಲಿ ಪಂದ್ಯವನ್ನೂ ಇಟ್ಟಿರಿ. ವೇಳಾಪಟ್ಟಿ ನೋಡಿದ ಅಬ್ಬಾ ಏನೂ ಅನ್ನಲಿಲ್ಲ; ಕರೆಯೋಲೆ ಹಂಚಲು ಹೊರಟರು. ಅವರು ಏನೂ ಅನ್ನದಿರುವುದನ್ನು ನಮ್ಮಿಂದ ನೋಡಲಾಗುತ್ತಿಲ್ಲ.

ಆದ್ದರಿಂದ ಬೆಳಿಗ್ಗೆ ನಿಕಾಹ್, ಮಧ್ಯಾಹ್ನ ಊಟ, ಅದಾದ ಬಳಿಕ ವಧು ತವರಿನಿಂದ ನೇರ ಕಂಠೀರವಕ್ಕೆ ಹೊರಡುವುದೆಂದು ಉಭಯ ಕುಟುಂಬಗಳು ಒಪ್ಪಿವೆ. ಪಂದ್ಯ ಮುಂದೂಡಿ ಎಂದು ನಾನು ಕೇಳುತ್ತಿಲ್ಲ. ನನಗೂ ಅಬ್ಬಾನಿಗೂ ಪಕ್ಕಪಕ್ಕದ ಎರಡು ಸೀಟುಗಳನ್ನು, ಜರತಾರಿ ಲೆಹಂಗಾ ಹರಡಿಕೊಳ್ಳುವಷ್ಟು ಜಾಗದ ಸಮೇತ, ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ಯಾರೇ ಗೆದ್ದರೂ ತಮ್ಮ ವಿಶ್ವಾಸಿ,
ಶೈಸ್ತಾ

ಅಡಕ: 1. ನಿಕಾಹ್ ಕರೆಯೋಲೆ (ತಾವೂ ಬರುವುದು). 2. ವರನ ಫೋಟೊ.

ವಿ.ಸೂ.: ಮೂರನೆಯ ಸೀಟು ಉಳಿದಿದ್ದರೆ ವರನಿಗೆ ಕೊಡುವುದು. ಹಿಂದಿನ ಸಾಲಾದರೂ ಅವರ ಆಕ್ಷೇಪಣೆ ಇರುವುದಿಲ್ಲ, ಕೇಳಿಯಾಗಿದೆ.